ನೌಕೆಯ ಬಟ್ಟೆ ಒಗೆಯುವವರು

ಹೊದಿಕೆಯ ಮೂರು ಮೂಲೆಗಳು ಮುಗಿದಿದ್ದವು. ನಾಲ್ಕನೆಯದನ್ನು ಲಕೋಟೆಯ ಬಾಯಿಯಂತೆ ಓರೆಯಾಗಿ ಮಡಚಿ ಹಾಸಿಗೆಯ ಅಡಿಗೆ ತುರುಕುತ್ತಿದ್ದಾಗ ಗಂಡನ ಅಕ್ಕ ಅವಳ ಕೈ ಹಿಡಿದಳು.

“ಇದೇನೇ ಇದು, ಆಸ್ಪತ್ರೆ ಮಂಚದ ಹಾಗೆ? ಇನ್ನೆರಡು ಗಂಟೇಲಿ ಎತ್ಕೊಂಡು ಹೋಗ್ತಾರೆ.”

“ಎರಡು ಗಂಟೆ ಸುಕ್ಕಾಗಿರ್ಬೇಕಾ ಅತ್ತಿಗೆ?”

ಅತ್ತಿಗೆ ಕೈ ಬಿಟ್ಟಳು. ಇಪ್ಪತ್ತಾರು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದ ಹೆಂಡತಿಯ ಕೈ ಅದು, ಹೇಳದಿದ್ದರೂ ತನ್ನಷ್ಟಕ್ಕೆ ತಾನೇ ಮಡಚುತ್ತಿತ್ತು. ಹೊದಿಕೆಯ ಕೆಳಗೆ ಇರುವವನು ನಲವತ್ತೆರಡು ವರ್ಷ ಜೊತೆಗಿದ್ದ ಗಂಡ ಎಂಬ ಸುದ್ದಿ ಕೈಗೆ ಇನ್ನೂ ಮುಟ್ಟಿರಲಿಲ್ಲ. ಅವಳ ಕಣ್ಣು ಬಾಗಿಲಲ್ಲಿತ್ತು. ಒಳಗೆ ಬಂದ ಹೆಂಗಸರ ಮುಖವನ್ನಲ್ಲ, ಬಲಗೈಯನ್ನು ನೋಡುತ್ತಿದ್ದಳು. ಪಕ್ಕದ ಮನೆಯವಳ ಕೈ ಅಲ್ಲ. ಔಷಧದಂಗಡಿಯವಳದೂ ಅಲ್ಲ, ಅವಳು ತನ್ನ ಹೆಸರನ್ನೇ ಕೋಳಿ ಕೆದಕಿದ ಹಾಗೆ ಬರೆಯುತ್ತಾಳೆ. ಬರಬೇಕಾದವಳ ಮುಖ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎರಡೇ: ಮುತ್ತು ಪೋಣಿಸಿದಂಥ ಗುಂಡನೆಯ ಅಕ್ಷರ, ಮುನ್ನೂರ ಹದಿನೆಂಟು ಎಂಬ ಲೈಬ್ರರಿ ಕಾರ್ಡಿನ ಸಂಖ್ಯೆ.

ಮಂಚದ ತಲೆದೆಸೆಯ ಸ್ಟೂಲಿನ ಮೇಲೆ ಕಂದು ರಟ್ಟಿನ ಪುಸ್ತಕವೊಂದಿತ್ತು. ಕಾಯಿಲೆ ಬಿದ್ದ ಮೂರು ವಾರವೂ ಅವನು ಅದನ್ನು ಬಿಟ್ಟಿರಲಿಲ್ಲ. ತೀರಿಕೊಳ್ಳುವ ಹಿಂದಿನ ದಿನ ದಿಂಬಿಗೆ ಒರಗಿ, ಅದರ ಅಂಚಿನಲ್ಲಿ ಏನೋ ಬರೆದದ್ದನ್ನು ಅವಳು ಅಡುಗೆಮನೆಯ ಬಾಗಿಲಿನಿಂದ ನೋಡಿದ್ದಳು. ಅದಾದ ಮೇಲೆ ಪುಸ್ತಕವನ್ನು ಒರೆಸಿ ಇಟ್ಟಳು, ತೆರೆಯಲಿಲ್ಲ. ಗಂಡ ಈ ಲೋಕದಲ್ಲಿ ಬರೆದ ಕೊನೆಯ ಮಾತು ಇನ್ನೊಬ್ಬಳಿಗೆ ಬರೆದದ್ದು ಎಂದು ಓದಿ ತಿಳಿಯುವುದಕ್ಕಿಂತ ಓದದೇ ತಿಳಿದಿರುವುದು ವಾಸಿ ಎನಿಸಿತ್ತು.

ನೀರು ಸರಬರಾಜು ಕಚೇರಿಯ ಸರ್ವೇಯರ್ ಬಂದ. ಅವನ ಹಿಂದೆಯೇ ಲೈಬ್ರೇರಿಯನ್ ಬಂದರು, ಟೋಪಿ ತೆಗೆದು ಎದೆಗೆ ಒತ್ತಿಕೊಂಡು. ಅವರ ನೋಟ ಮೊದಲು ಸತ್ತವನ ಮೇಲೆ, ಆಮೇಲೆ ಸ್ಟೂಲಿನ ಮೇಲೆ ಬಿತ್ತು.

“ಪುಸ್ತಕ ಕೇಳೋಕೆ ಬಂದದ್ದಲ್ಲಮ್ಮ,” ಎಂದರು, ಯಾರೂ ಕೇಳದಿದ್ದರೂ.

“ಕೇಳಿದ್ರೂ ಏನೀಗ?” ಅತ್ತಿಗೆ ಮೂಗು ಒರೆಸಿಕೊಂಡಳು. “ಹುಡುಗನಾಗಿದ್ದಾಗಿಂದ ಅದೇ ಚಟ. ರಾಕೆಟ್ಟು, ಮಂಗಳಗ್ರಹ. ಅಷ್ಟು ಓದಿ ಎಲ್ಲಿಗೆ ಹೋದ? ಕಚೇರಿ, ಮನೆ. ಮನೆ, ಕಚೇರಿ.”

“ಗೆರೆಯಣ್ಣ ಅದನ್ನ ಹಾಗೆ ಓದ್ತಿರ್ಲಿಲ್ಲ ಅಕ್ಕಾ,” ಎಂದ ಸರ್ವೇಯರ್. ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ. ನಕ್ಷೆ ಬಿಡಿಸುವವನು, ಅವನ ಗೆರೆಗೆ ಸ್ಕೇಲು ನಾಚಬೇಕು ಎನ್ನುತ್ತಿದ್ದರು. “ಊಟದ ಹೊತ್ತಲ್ಲಿ ಹೇಳೋರು. ಇನ್ನೂರು ವರ್ಷ ಮುಂದಿನ ಕತೆ ಬರೀತೀನಿ ಅಂತ ಕೂತವನು ತನ್ನ ಕಾಲದ ಫೋಟೋ ತೆಗೆದಿಟ್ಟಿರ್ತಾನೆ ಕಣಯ್ಯಾ, ಪಾಪ ಅವನಿಗೇ ಗೊತ್ತಿರಲ್ಲ, ಅಂತ. ನೌಕೆ ಬೆಳಕಿನ ವೇಗದಲ್ಲಿ ಹೋಗ್ತಿರುತ್ತಂತೆ, ಕ್ಯಾಪ್ಟನ್ ಸಿಗರೇಟು ಹಚ್ಕೊಂಡು ಹಳೇ ಕಾಲದ ಸ್ಲೈಡ್ ರೂಲ್ ಪಟ್ಟಿ ಜಾರಿಸಿ ಲೆಕ್ಕ ಹಾಕ್ತಿರ್ತಾನಂತೆ!”

ಒಂದಿಬ್ಬರು ನಕ್ಕರು, ಮಂಚದ ನೆನಪಾಗಿ ಕೆಮ್ಮಿದರು.

“ಮೊದಲ ಸಲ ಓದಿದಾಗ ಮುಂದೇನಾಗುತ್ತೆ ಅಂತ ಓದ್ತೀವಿ. ಎರಡನೇ ಸಲ ಬರೆದವನ ಮನೆ ಒಳಗೆ ಇಣುಕ್ತೀವಿ, ಅಂತಿದ್ರು ನನ್ನ ಹತ್ರ,” ಎಂದರು ಲೈಬ್ರೇರಿಯನ್. “ಆ ರಾಕೆಟ್ ಕತೆ ಕಪಾಟಿನ ಅರವತ್ಮೂರು ಪುಸ್ತಕಾನೂ ಎಷ್ಟು ಸುತ್ತು ಹಾಕಿದ್ರೋ! ಅಂಚಲ್ಲಿ ಬರೆದಿದ್ದಕ್ಕೆ ದಂಡ ಹಾಕ್ಬೇಕಿತ್ತು ನಾನು.”

“ಯಾಕೆ ಹಾಕ್ಲಿಲ್ಲ?” ಎಂದು ಕೇಳಿದವಳು ಮಗಳು.

ಲೈಬ್ರೇರಿಯನ್ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದರು. “ನಾನೂ ಓದ್ತಿದ್ದೆ,” ಎಂದರು.

ಗಂಡ ಎಲ್ಲರಿಗೂ ಹೇಳಿದ್ದ. ಊಟದ ಹೊತ್ತಿನ ಸರ್ವೇಯರನಿಗೆ, ಕೌಂಟರಿನಾಚೆಯ ಈ ಮನುಷ್ಯನಿಗೆ. ಅವಳು ಹೊದಿಕೆಯ ಮೇಲೆ ಇಲ್ಲದ ಸುಕ್ಕನ್ನು ಅಂಗೈಯಿಂದ ಸವರಿದಳು.

*

ಅವಳಿಗೂ ಹೇಳಲು ಬಂದಿದ್ದ, ಮದುವೆಯಾದ ಹೊಸತರಲ್ಲಿ ಒಂದು ಸಂಜೆ. ಅವಳು ಎರಡು ಪಾಳಿ ಮುಗಿಸಿ ಬಂದಿದ್ದಳು. ಬಾಯ್ಲರಿನ ಹಬೆಗೆ ಬೆರಳ ತುದಿಗಳೆಲ್ಲ ಬೆಂದು ಬಿಳಿಚಿಕೊಂಡಿದ್ದವು. ಅವನು ಪುಸ್ತಕ ಹಿಡಿದು ಎದುರಿಗೆ ಕೂತ. “ಕೇಳು, ಚಂದ್ರನ ಮೇಲೆ ಒಂದು ಊರಿದೆಯಂತೆ,” ಎಂದು ಶುರುಮಾಡಿದ. ಅವಳು ಕಣ್ಣು ಬಿಡದೆಯೇ ಅಂದಿದ್ದಳು: “ಚಂದ್ರನ ಮೇಲೆ ಊರು ಕಟ್ಟೋರಿಗೆ ಮನೆ ನಲ್ಲಿ ಸೋರೋದು ನಿಲ್ಸೋಕೆ ಬರಲ್ವಾ?”

ಅವನು ನಕ್ಕ. ಎದ್ದು ಹೋಗಿ ನಲ್ಲಿಯ ವಾಷರ್ ಬದಲಿಸಿದ. ಮತ್ತೆಂದೂ ಅವಳೆದುರು ಚಂದ್ರನ ಮಾತು ಎತ್ತಲಿಲ್ಲ. ಜಗಳವಾಡಿದ್ದರೆ ಮರೆತುಹೋಗುತ್ತಿತ್ತು. ವಾಷರ್ ಬದಲಿಸಿದ್ದರಿಂದ ಅದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಆಮೇಲೆ ಮನೆಯಲ್ಲಿ ಮಾತೆಂದರೆ ಗ್ಯಾಸು, ಮಗಳ ಶಾಲೆ, ಬಸ್ ಪಾಸು. ಅವನು ಮಾತಿಲ್ಲದ ಮನುಷ್ಯ ಎಂದೇ ಅವಳು ತೀರ್ಮಾನಿಸಿಕೊಂಡಳು. ಕೆಲವರು ಹುಟ್ಟುವುದೇ ಹಾಗೆ.

ಇಪ್ಪತ್ತೊಂದು ವರ್ಷದ ಹಿಂದೆ ಅವನ ಚೀಲ ಒಗೆಯಲು ಖಾಲಿ ಮಾಡಿದಾಗ ಲೈಬ್ರರಿ ಪುಸ್ತಕವೊಂದು ಬಿದ್ದು ತೆರೆದುಕೊಂಡಿತು. ಪುಟದ ಎಡ ಅಂಚಿನಲ್ಲಿ ಗಂಡನ ಅಕ್ಷರ: ನೆಟ್ಟಗೆ, ತೆಳ್ಳಗೆ, ಗಟ್ಟಿ ಪೆನ್ಸಿಲಿನ ಬೂದು ಬಣ್ಣದಲ್ಲಿ. ‘ಶತ್ರುಗ್ರಹದವರೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟು ಸಾಲಿನಲ್ಲಿ ನಿಂತಿದ್ದಾರೆ. ಇದು ಯಾವ ಗ್ರಹವೂ ಅಲ್ಲ. ಬರೆದವನು ಬೆಳಗ್ಗೆ ಓದಿದ ಪೇಪರು.’ ಅದರ ಕೆಳಗೆ ಕಪ್ಪಗೆ, ಗುಂಡಗೆ, ಇನ್ನೊಂದು ಕೈ: ‘ಪೇಪರು ಓದಿ ಹೆದರಿದ್ದ ಕೂಡ. ನೋಡಿ, ಮುಂದಿನ ಪುಟದಲ್ಲಿ ನೆಲಮಾಳಿಗೆ ಕಟ್ಟುತ್ತಾನೆ.’ ಅದರ ಕೆಳಗೆ ಮತ್ತೆ ಗಂಡ: ‘ಭಲೇ!’

ಭಲೇ. ಆ ಒಂದು ಪದವನ್ನು ಅವಳು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಓದಿದಳು. ನಲವತ್ತು ಬೆಡ್‌ಶೀಟನ್ನು ಒಂದು ಗಂಟೆಯಲ್ಲಿ ಇಸ್ತ್ರಿ ಮಾಡಿದಾಗಲೂ, ಮಗಳು ಹುಟ್ಟಿದಾಗಲೂ ಅವನ ಬಾಯಿಂದ ಆ ಪದ ಬಂದಿರಲಿಲ್ಲ.

ಪುಸ್ತಕದ ಕೊನೆಯಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಎರಡೇ ಸಂಖ್ಯೆ ಒಂದರ ಕೆಳಗೊಂದು ಬರುತ್ತಿದ್ದವು. ತೊಂಬತ್ತೆರಡು ಅವನದು. ಮುನ್ನೂರ ಹದಿನೆಂಟು, ಆ ಗುಂಡನೆಯ ಅಕ್ಷರದ ಹೆಂಗಸಿನದು. ಅಂಚಿನ ಮಾತು ಓದಲು ಇನ್ನು ಚೀಲ ಕಾಯುವುದು ಬೇಡ ಎಂದು ಅವಳು ಪ್ರತಿ ಗುರುವಾರ, ತನ್ನ ರಜೆಯ ದಿನ, ಲೈಬ್ರರಿಯ ಮೂಲೆಯ ಬೆಂಚಿನಲ್ಲಿ ಹೋಗಿ ಕೂರತೊಡಗಿದಳು. ಕಾರ್ಡು ಮಾಡಿಸಲಿಲ್ಲ. ಹೊಟ್ಟೆಕಿಚ್ಚಿಗೆ ಕಾರ್ಡು ಯಾಕೆ? ಆ ಹೆಂಗಸಿನ ವಯಸ್ಸು, ಊರು, ಗಂಡನಿದ್ದಾನೋ ಇಲ್ಲವೋ, ಒಂದಾದರೂ ಸುಳಿವು ಸಿಕ್ಕೀತೆಂದು ಒಂದೊಂದೇ ಪುಸ್ತಕ ಮೊದಲಿನಿಂದ ಕೊನೆಯವರೆಗೆ ಓದಿದಳು. ಸುಳಿವು ಸಿಗಲಿಲ್ಲ. ಆದರೆ ಮಂಗಳಗ್ರಹದಲ್ಲಿ ಎಷ್ಟು ಚಳಿ ಎಂದು ಗೊತ್ತಾಯಿತು.

*

“ಯಾರೋ ಬಂದ್ರು ನೋಡಮ್ಮ,” ಎಂದಳು ಮಗಳು.

ಟ್ಯಾಕ್ಸಿಯಿಂದ ಇಳಿದ ಮುದುಕಿ ಕೋಲೂರಿಕೊಂಡು ಮೆಟ್ಟಿಲು ಹತ್ತಿದಳು. ದಪ್ಪ ಕನ್ನಡಕ. ಬಲಗೈಯ ನಡುಬೆರಳಿನಲ್ಲಿ, ಉಗುರಿನ ಪಕ್ಕಕ್ಕೆ, ವರ್ಷಗಟ್ಟಲೆ ಸೀಮೆಸುಣ್ಣ, ಪೆನ್ಸಿಲು ಹಿಡಿದವರಿಗೆ ಇರುವಂಥ ಗಂಟು. ಮಂಚದ ಹತ್ತಿರ ಬಂದು ಬಗ್ಗಿ ಸತ್ತವನ ಮುಖವನ್ನು, ಭೂಪಟದಲ್ಲಿ ಊರು ಹುಡುಕುವವರಂತೆ, ತುಂಬ ಹೊತ್ತು ನೋಡಿದಳು.

“ಹೀಗಿದ್ರಾ?” ಎಂದಳು. “ನಾನು ಇನ್ನೂ ಎತ್ತರದವರು ಅಂದ್ಕೊಂಡಿದ್ದೆ.”

ಆಮೇಲೆ ಲೈಬ್ರೇರಿಯನ್ ಕಡೆ ತಿರುಗಿ, “ನನ್ನ ಕಾರ್ಡು ನೆನಪಿದ್ಯಾ? ಮುನ್ನೂರ ಹದಿನೆಂಟು. ಹೈಸ್ಕೂಲಲ್ಲಿ ಭೂಗೋಳ ಹೇಳ್ತಿದ್ದೆ,” ಎಂದಳು.

“ಕೂತ್ಕೊಳ್ಳಿ ಟೀಚರಮ್ಮ,” ಎಂದರು ಅವರು. ಕುರ್ಚಿ ಎಳೆಯುವಾಗ ಅವರ ಕಣ್ಣು ಒಮ್ಮೆ ಮನೆಯೊಡತಿಯ ಕಡೆ ಹೋಗಿ ತಕ್ಷಣ ನೆಲಕ್ಕಿಳಿಯಿತು.

ಇಪ್ಪತ್ತೊಂದು ವರ್ಷ ಕಲ್ಪಿಸಿಕೊಂಡವಳಿಗೆ ಉದ್ದ ಜಡೆಯಿತ್ತು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ವಯ್ಯಾರವಿತ್ತು. ಈ ಮುದುಕಿಯ ಕಾಲಿಗೆ ಊತ ಬಂದಿತ್ತು. ಆದರೂ ಹೊಟ್ಟೆಯ ಉರಿ ಆರಲಿಲ್ಲ. ವಯಸ್ಸಾಗಲು ಬಿಟ್ಟರೆ ಅದು ಸಾಯುವುದಿಲ್ಲ, ಬಾಯ್ಲರಿನ ತಳದ ಕಿಟ್ಟದಂತೆ ಗಟ್ಟಿಯಾಗುತ್ತದೆ.

*

ಗುರುವಾರದ ಬೆಂಚಿಗೆ ಎರಡು ವರ್ಷವಾಗಿದ್ದಾಗ ಗುಂಡನೆಯ ಅಕ್ಷರ ಇದ್ದಕ್ಕಿದ್ದಂತೆ ನಿಂತುಹೋಯಿತು. ಅವನು ಬರೆದ. ಉತ್ತರವಿಲ್ಲ. ಇನ್ನೊಂದು ಪುಸ್ತಕದಲ್ಲಿ ಬರೆದ. ಅಲ್ಲೂ ಇಲ್ಲ. ನಾಲ್ಕು ತಿಂಗಳು. ಮನೆಯಲ್ಲಿ ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದ. “ಹೊಟ್ಟೆ ಸರಿ ಇಲ್ವಾ?” ಎಂದರೆ “ಸರಿ ಇದೆ,” ಎನ್ನುತ್ತಿದ್ದ. ಇನ್ನೊಬ್ಬಳಿಗಾಗಿ ಬಡವಾಗುತ್ತಿರುವ ಗಂಡನಿಗೆ ಬಡಿಸುವುದು ಎಂಥದ್ದೆಂದು ಬಡಿಸಿದವರಿಗೇ ಗೊತ್ತು.

ಆ ಸಿಟ್ಟಿಗೇ ಅವಳು ಅದನ್ನು ಮಾಡಿದ್ದು. ಲಾಂಡ್ರಿಯ ಹಾಳೆಗಳ ಹಿಂಬದಿಯಲ್ಲಿ ಹದಿನೈದು ದಿನ ಆ ಗುಂಡನೆಯ ಅಕ್ಷರ ತಿದ್ದಿದಳು. ಗಂಡನ ಮೇಜಿನ ಡ್ರಾಯರಿನಿಂದ ಒಂದು ಪೆನ್ಸಿಲ್ ಕದ್ದಳು. ಲೋಕದಲ್ಲೇ ಅತಿ ಪೆದ್ದು ಮಾತೊಂದನ್ನು ಆ ಹೆಂಗಸಿನ ಅಕ್ಷರದಲ್ಲಿ ಬರೆದುಬಿಡಬೇಕು, ಇವಳು ಇಷ್ಟೇನಾ ಎಂದು ಅವನಿಗೆ ಅನ್ನಿಸಲಿ, ಭಲೇ ಎಂದದ್ದಕ್ಕೆ ನಾಚಿಕೆಯಾಗಲಿ. ನಲವತ್ತು ಗಂಡಸರು ಎಂಟು ವರ್ಷ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಕತೆಯ ಅಂಚಿನಲ್ಲಿ ಬರೆದಳು: ‘ಈ ನೌಕೆಯಲ್ಲಿ ಬಟ್ಟೆ ಯಾರು ಒಗೆಯುತ್ತಾರೆ?’ ಪೆನ್ಸಿಲ್ ತೀರ ಗಟ್ಟಿ. ಎಷ್ಟು ಒತ್ತಿದರೂ ಕಪ್ಪಾಗದೆ ಕಾಗದವನ್ನು ಗೀರಿತು.

ಮುಂದಿನ ಗುರುವಾರ ಉತ್ತರವಿತ್ತು. ಇಡೀ ಅಂಚು ತುಂಬಿ, ಪುಟದ ಅಡಿಯಲ್ಲೂ ಹರಿದಿತ್ತು.

‘ಮೂರು ಸಲ ಓದಿದ್ದೇನೆ, ನನಗೆ ಹೊಳೆಯಲೇ ಇಲ್ಲ! ನಲವತ್ತು ಜನರ ಎಂಟು ವರ್ಷದ ಬಟ್ಟೆ. ಎಂಜಿನ್ನಿಗೆ ಆರು ಪುಟ ಕೊಟ್ಟವನು ಇದಕ್ಕೆ ಒಂದು ಸಾಲು ಕೊಟ್ಟಿಲ್ಲ. ಯಾಕೆಂದರೆ ಬರೆದವನ ಮನೆಯಲ್ಲಿ ಅಂಗಿ ತಾನಾಗಿಯೇ ಒಗೆದು, ಮಡಚಿ, ಕಪಾಟಿಗೆ ಬರುತ್ತಿತ್ತು. ನನ್ನ ಮನೆಯಲ್ಲೂ ಹಾಗೇ. ಇಂಥ ಪ್ರಶ್ನೆ ಕೇಳುವವರು ನನಗೆ ಗೊತ್ತಿರುವವರಲ್ಲಿ ಇನ್ನೊಬ್ಬರಿಲ್ಲ.’

ಅವಳಿಗೆ ಅಳು ಬಂತು, ಅವಮಾನದಿಂದ. ತನ್ನ ಬಾಯಿಯ ಮಾತಿಗೆ ಬಂದ ಹೊಗಳಿಕೆ ಇನ್ನೊಬ್ಬಳ ಮಡಿಲಿಗೆ ಬಿದ್ದಿತ್ತು. ‘ನನ್ನ ಮನೆಯಲ್ಲೂ’ ಎಂದು ಹೆಂಡತಿಯನ್ನು ಒಂದು ಕಪಾಟಿನಷ್ಟು ಮಾಡಿ ಆ ಇನ್ನೊಬ್ಬಳೆದುರು ಇಟ್ಟಿದ್ದ. ಇನ್ನೆಂದೂ ಬರೆಯುವುದಿಲ್ಲ ಎಂದುಕೊಂಡು ಪೆನ್ಸಿಲ್ ವಾಪಸಿಡಲು ಡ್ರಾಯರ್ ಎಳೆದರೆ, ಮುಂದುಗಡೆಯೇ ಒಂದು ಮೆತ್ತನೆಯ ಕಪ್ಪು ಪೆನ್ಸಿಲ್ ಬಿದ್ದಿತ್ತು. ಮಗಳದಿರಬೇಕು. ಇದಾದರೆ ಆ ಅಕ್ಷರಕ್ಕೆ ಸರಿಹೊಂದುತ್ತದೆ ಎಂಬ ಯೋಚನೆ, ಬೇಡವೆಂದರೂ, ಬಂದೇ ಬಂತು.

ಹತ್ತೊಂಬತ್ತು ವರ್ಷ ಬರೆದಳು. ರೋಬೋಟುಗಳಿದ್ದರೂ ಫೋನೆತ್ತಲು ಹುಡುಗಿಯೇ ಯಾಕೆ ಬೇಕು ಎಂದು. ಮುಂದಿನ ಶತಮಾನದ ನಗರದಲ್ಲಿ ಮುದುಕರೇ ಯಾಕಿಲ್ಲ, ಬರೆದವನಿಗೆ ಆಗ ಮೂವತ್ತಾಗಿತ್ತೇ ಎಂದು. ಅವನು ಕುಣಿದಾಡಿ ಉತ್ತರಿಸಿದ. ಕಚೇರಿಯಲ್ಲಿ ಅವನ ಮೇಜು ತೆಗೆದು ಕಂಪ್ಯೂಟರ್ ಇಟ್ಟ ದಿನ ಮನೆಗೆ ಬಂದು ಒಂದು ಮಾತಾಡಲಿಲ್ಲ. ಅಂಚಿನಲ್ಲಿ ಬರೆದಿದ್ದ: ‘ಈ ಕತೆಯಲ್ಲಿ ಎರಡು ಸಾವಿರದ ನೂರನೇ ಇಸವಿಯಲ್ಲೂ ನೌಕೆಯ ನಕ್ಷೆಯನ್ನು ಪೆನ್ಸಿಲಿನಲ್ಲಿ ಬಿಡಿಸುತ್ತಾರೆ. ಅಲ್ಲಿ ನನಗೊಂದು ಕೆಲಸ ಖಾಲಿ ಇದೆಯೇ ವಿಚಾರಿಸಬೇಕು.’ ಅವಳು ಆ ರಾತ್ರಿ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು. ಅದಕ್ಕಿಂತ ಹೆಚ್ಚು ಮಾಡಿದ್ದರೆ ಗುಟ್ಟು ಬಯಲಾಗುತ್ತಿತ್ತು. ಅಂಗಿಯ ಗುಂಡಿ ಕಿತ್ತುಹೋಗಿದ್ದರೂ ಗೊತ್ತಾಗದ ಮನುಷ್ಯ. ಅವನಿಗೆ ಏನು ತಿಳಿದೀತು?

*

“ನಾನು ಊರು ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು,” ಟೀಚರಮ್ಮ ಹೇಳುತ್ತಿದ್ದಳು. “ಮಗನಿಗೆ ವರ್ಗ ಆಯ್ತು, ಜೊತೆಗೆ ಹೋದೆ. ಇವರಿಗೆ ತಿಳಿಸೋದು ಹೇಗೆ? ಹೆಸರೂ ಗೊತ್ತಿಲ್ಲ. ಹೋದ ವರ್ಷ ವಾಪಸ್ ಬಂದೆ. ಆ ಕಪಾಟಿನ ಹತ್ರ ಹೋಗಿ ಒಂದು ಪುಸ್ತಕ ತೆಗೆದ್ರೆ ನನ್ನ ಅಕ್ಷರ! ನಾನು ಬರೀದೇ ಇರೋ ಮಾತು!”

“ದೆವ್ವ ಬರೀತಾ?” ಎಂದಳು ಅತ್ತಿಗೆ, ಬಾಯಿ ತೆರೆದು.

“ದೆವ್ವ ಆಗಿದ್ರೆ ಹೆದರಿ ಸುಮ್ನಾಗ್ತಿದ್ದೆ. ಯಾರೋ ಹೆಂಗಸು. ನನಗಿಂತ ಚೆನ್ನಾಗಿ ಬರೆದಿದ್ಲು. ನಾನು ಪೇಪರಲ್ಲಿ ಓದಿದ್ದು ಹೇಳ್ತಿದ್ದೆ, ಅವಳು ಬಾಳಿದ್ದು ಕೇಳಿದ್ಲು. ಬಟ್ಟೆ ಯಾರು ಒಗೀತಾರೆ ಅಂತೆ! ಸಿಗರೇಟು ಬೂದಿ ಯಾರು ಗುಡಿಸ್ತಾರೆ ಅಂತೆ!” ಟೀಚರಮ್ಮ ಕನ್ನಡಕ ತೆಗೆದು ಒರೆಸಿದಳು. “ಅರವತ್ತೆಂಟು ವರ್ಷದ ಹೆಂಗಸು ಲೈಬ್ರರೀಲಿ ಕೂತು ಹೊಟ್ಟೆಕಿಚ್ಚು ಪಟ್ಟೆ ಅಂದ್ರೆ ನಂಬ್ತೀರಾ? ನಾನೂ ಒಂದು ಸಾಲು ಸೇರಿಸೋಣ ಅಂತ ಪೆನ್ಸಿಲ್ ತೆಗೆದೆ. ಅಂಚಲ್ಲಿ ಜಾಗಾನೇ ಬಿಟ್ಟಿರ್ಲಿಲ್ಲ ಇಬ್ರೂ.”

ಮಗಳು ತಾಯಿಯ ಮುಖ ನೋಡಿದಳು. ತಾಯಿ ಹೊದಿಕೆ ನೋಡುತ್ತಿದ್ದಳು.

“ತೊಂಬತ್ತೆರಡನೇ ಕಾರ್ಡಿನವರು ಹೋದ್ರು, ಮನೆ ಇಲ್ಲಿ ಅಂತ ಬೆಳಗ್ಗೆ ಲೈಬ್ರರೀಲಿ ಯಾರೋ ಹೇಳಿದ್ರು. ಇವತ್ತು ಅವಳು ಬಂದೇ ಬರ್ತಾಳೆ, ಒಂದು ಸಲ ನೋಡೋಣ ಅಂತ ಬಂದೆ,” ಎಂದಳು ಟೀಚರಮ್ಮ. “ಬಂದಿದಾಳಾ?”

ಲೈಬ್ರೇರಿಯನ್ ಟೋಪಿ ನೋಡಿಕೊಂಡರು.

“ಇಲ್ಲ,” ಎಂದಳು ಮನೆಯೊಡತಿ. “ಬಂದಿಲ್ಲ.”

“ಆ ಪುಸ್ತಕ ಕೊಡ್ತೀರಾ ಹಾಗಾದ್ರೆ? ಕೊನೇಗೆ ಅವಳಿಗೆ ಏನು ಬರೆದ್ರೋ ನೋಡಿ ಕೊಟ್ಬಿಡ್ತೀನಿ.”

ಹೆಂಡತಿಯ ಕೈ ಸ್ಟೂಲಿನ ಮೇಲಿನ ಪುಸ್ತಕದ ಮೇಲೆ ಬಿತ್ತು, ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಂತೆ. ಅವಳಿಗೆ ಏನು ಬರೆದರೋ! ಅವನ ಲೆಕ್ಕದಲ್ಲಿ ‘ಅವಳು’ ಈ ಗಂಟು ಬೆರಳಿನವಳೇ ಅಲ್ಲವೇ? ಹತ್ತೊಂಬತ್ತು ವರ್ಷವೂ ಅವನು ಮಾತಾಡಿದ್ದು ಇವಳ ಜೊತೆ. ತಾನು ಬರೀ ಅಕ್ಷರ ತಿದ್ದಿದವಳು.

“ನನ್ನದು ಶಾಲೆ ಪೆನ್ಸಿಲ್. ಕಪ್ಪಗೆ ಬರ್ಯೋದು,” ಟೀಚರಮ್ಮ ಸರ್ವೇಯರನಿಗೆ ಹೇಳುತ್ತಿದ್ದಳು. “ಅವಳೂ ಅಂಥದ್ದೇ ಹುಡುಕ್ಕೊಂಡಿದಾಳೆ, ಕಿಲಾಡಿ.”

“ಕಪ್ಪು ಪೆನ್ಸಿಲ್ಲಾ?” ಸರ್ವೇಯರ್ ದುಃಖದಲ್ಲೂ ನಕ್ಕ. “ಗೆರೆಯಣ್ಣನ ಮೇಜಿನ ಮೇಲೆ ಅದು ಕಂಡ್ರೆ ಕಿಟಕಿಯಿಂದ ಆಚೆ ಎಸೀತಿದ್ರು. ಮೆತ್ತನೆ ಪೆನ್ಸಿಲ್ ಹಿಡಿದವನ ಗೆರೆ ನೆಚ್ಚಿದ್ರೆ ಪೈಪು ಒಂದು ಕಡೆ, ನೀರು ಒಂದು ಕಡೆ ಅನ್ನೋರು. ತಮಾಷೆ ಏನು ಗೊತ್ತಾ, ಮೂರ್ನಾಲ್ಕು ತಿಂಗಳಿಗೊಂದು ಸಲ ಎದುರಿನ ಅಂಗಡೀಲಿ ತಾವೇ ಒಂದು ಕೊಂಡ್ಕೊಳ್ಳೋರು. ಯಾರಿಗೆ ಅಂದ್ರೆ, ‘ಮನೆಗೆ ಬೇಕು ಕಣಯ್ಯಾ, ಮುಗಿಯೋದೇ ಗೊತ್ತಾಗಲ್ಲ,’ ಅನ್ನೋರು. ಮಗಳಿಗೇನೋ ಅಂದ್ಕೊಂಡಿದ್ವಿ.”

“ನನಗಾ?” ಎಂದಳು ಮಗಳು. “ನಾನು ಆಗ ಕಾಲೇಜು. ಪೆನ್ನಲ್ಲೇ ಬರೀತಿದ್ದೆ.”

ತಾಯಿ ಎದ್ದಳು. ಪುಸ್ತಕವನ್ನು ಎದೆಗೊತ್ತಿಕೊಂಡು ಒಳಕೋಣೆಗೆ ಹೋದಳು. “ಪಾಪ, ಈಗ ಅಳ್ತಾಳೆ, ಬಿಡಿ,” ಎಂದು ಅತ್ತಿಗೆ ಹೇಳಿದ್ದು ಕೇಳಿಸಿತು.

ಕಿಟಕಿಯ ಕೆಳಗೆ ಅವನ ಓರೆ ಮೇಜು. ಡ್ರಾಯರ್ ಎಳೆದಳು. ಗಟ್ಟಿ ಪೆನ್ಸಿಲುಗಳು ಎತ್ತರದ ಪ್ರಕಾರ ಸಾಲಾಗಿ ಮಲಗಿದ್ದವು. ಮುಂದುಗಡೆ, ಯಾವಾಗಲೂ ಇರುವ ಜಾಗದಲ್ಲಿ, ಕಳೆದ ತಿಂಗಳು ತಾನೇ ವಾಪಸಿಟ್ಟಿದ್ದ ಹೆಬ್ಬೆರಳುದ್ದದ ತುಂಡು. ಅದರ ಪಕ್ಕದಲ್ಲಿ ಒಂದು ಹೊಸ ಪೆನ್ಸಿಲ್. ಮೆತ್ತನೆಯದು. ಅವನ ಚಾಕುವಿನಿಂದ ಅವನಂತೆಯೇ ಉದ್ದಕ್ಕೆ ಹೆರೆದಿತ್ತು. ಆದರೆ ಈ ಸಲ ಕೈ ನಡುಗಿದ್ದರಿಂದ ಮರದ ಮೇಲೆ ಚಾಕುವಿನ ಕಚ್ಚುಗಳು ಎದ್ದಿದ್ದವು. ಹೆರೆದ ಚಕ್ಕೆಗಳು ಇನ್ನೂ ಅಲ್ಲೇ ಇದ್ದವು. ತುದಿಯನ್ನು ಹೆಬ್ಬೆರಳಿಗೆ ತಾಗಿಸಿದಳು. ಕಪ್ಪು ಚುಕ್ಕೆ ಮೂಡಿತು.

ಪುಸ್ತಕವನ್ನು ಹಿಂದಿನಿಂದ ತೆರೆದಳು. ಹತ್ತೊಂಬತ್ತು ವರ್ಷ ಅಂಚುಗಳನ್ನೇ ನೋಡಿದವಳು ಚೀಟಿಯನ್ನು ಮತ್ತೆ ನೋಡಿರಲಿಲ್ಲ. ಮೇಲುಗಡೆ ತೊಂಬತ್ತೆರಡು, ಮುನ್ನೂರ ಹದಿನೆಂಟು, ತೊಂಬತ್ತೆರಡು, ಮುನ್ನೂರ ಹದಿನೆಂಟು. ಅಲ್ಲಿಂದ ಕೆಳಗೆ ಕೊನೆಯವರೆಗೂ ಒಂದೇ ಸಂಖ್ಯೆ: ತೊಂಬತ್ತೆರಡು, ತೊಂಬತ್ತೆರಡು, ತೊಂಬತ್ತೆರಡು. ಪ್ರತಿ ಸಲ ಪುಸ್ತಕ ತಂದಾಗ ಈ ಚೀಟಿ ಅವನ ಕಣ್ಣೆದುರೇ ಇತ್ತು.

ಕೊನೆಯ ಅಧ್ಯಾಯದ ಕೊನೆಯ ಪುಟ. ನಕ್ಷೆಯನ್ನು ಪೆನ್ಸಿಲಿನಲ್ಲಿ ಬಿಡಿಸುವ ಅದೇ ಕತೆ. ನೌಕೆ ಹೊರಟುಹೋಗಿತ್ತು. ಅದರ ಕೆಳಗಿನ ಖಾಲಿ ಜಾಗದಲ್ಲಿ ಅವನ ಅಕ್ಷರ, ಜೀವನದಲ್ಲಿ ಮೊದಲ ಬಾರಿಗೆ ಸೊಟ್ಟಗೆ: ‘ನೌಕೆ ಹೊರಟ ಮೇಲೆ ನಕ್ಷೆ ಬಿಡಿಸಿದವನ ಮನೆಯಲ್ಲಿ ಏನಾಯಿತು ಅಂತ ಇವನು ಬರೆದೇ ಇಲ್ಲ ನೋಡಿ. ಅದನ್ನು ನೀವೇ ಹೇಳಬೇಕು.’

ಅದರ ಕೆಳಗೆ, ಗಟ್ಟಿ ಪೆನ್ಸಿಲಿನಿಂದ ಕಂಡೂ ಕಾಣದಷ್ಟು ತೆಳ್ಳಗೆ, ಸ್ಕೇಲಿಟ್ಟು ನಾಲ್ಕು ಗೆರೆ ಎಳೆದಿದ್ದ. ಗೆರೆಗಳು ಮಾತ್ರ ನೆಟ್ಟಗಿದ್ದವು.

“ಅಮ್ಮಾ, ಗಾಡಿ ಬಂತು,” ಬಾಗಿಲಲ್ಲಿ ಮಗಳು.

“ಐದು ನಿಮಿಷ ನಿಲ್ಲೋಕೆ ಹೇಳು.”

“ಟೀಚರಮ್ಮ ಪುಸ್ತಕ ಕೇಳ್ತಿದಾರೆ.”

“ಕೊಡ್ತೀನಿ,” ಎಂದು ಅವಳು ಕುರ್ಚಿ ಎಳೆದುಕೊಂಡಳು. “ಬರೆದು ಕೊಡ್ತೀನಿ.”

ಹೊಸ ಪೆನ್ಸಿಲ್ ಹಿಡಿದು ಮೊದಲ ಗೆರೆಯ ಮೇಲೆ ತುದಿಯಿಟ್ಟಳು. ಅಕ್ಷರ ಗುಂಡಗೆ ಬರಲಿಲ್ಲ. ಲಾಂಡ್ರಿಯ ಹಾಳೆಯಲ್ಲಿ ಹಾಸಿಗೆಬಟ್ಟೆ, ದಿಂಬಿನ ಚೀಲ ಎಂದು ಇಪ್ಪತ್ತಾರು ವರ್ಷ ಬರೆಯುತ್ತಿದ್ದ ಹಾಗೆಯೇ ಬಲಕ್ಕೆ ವಾಲಿಕೊಂಡು, ಆತುರಾತುರವಾಗಿ, ಕಪ್ಪಗೆ ಮೂಡತೊಡಗಿತು.